ತೆರಿಗೆಗೆ ಊರವ, ಹಕ್ಕಿಗೆ ಪರದೇಶಿ

ರಸೀದಿ ಎಂಬ ಪದ ಪಾರಸಿಯ ‘ರಸೀದ್’ನಿಂದ ಬಂದದ್ದು. ‘ತಲುಪಿತು’ ಎಂದು ಅದರ ಅರ್ಥ. ಕೊಟ್ಟ ಹಣ ಸರಕಾರಕ್ಕೆ ತಲುಪಿತು ಎಂದಷ್ಟೇ ಅದು ಹೇಳುತ್ತದೆ. ಕೊಟ್ಟವನು ಎಲ್ಲಿಗೆ ತಲುಪಿದ ಎಂಬುದನ್ನು ಹೇಳುವುದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಚರಿತ್ರೆಯನ್ನು ಈ ರಸೀದಿಯ ಕಡೆಯಿಂದ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತೆರಿಗೆ ಕೇಳುವಾಗ ಸರಕಾರಕ್ಕೆ ಊರವ, ಪರದೇಶಿ ಎಂಬ ಭೇದ ಅಷ್ಟಾಗಿ ಬೇಕಾಗುವುದಿಲ್ಲ. ಆ ಭೇದ ನೆನಪಾಗುವುದು ಪ್ರಜೆ ಹಕ್ಕು ಕೇಳಿದಾಗ.

1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಶಾಸನವೊಂದನ್ನು ಕಂಡರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಹೇಳಿ, ಆ ಬಿರುದಿನ ದೊರೆ ಯಾರೆಂಬ ಸಂಶಯವನ್ನು ಬಗೆಹರಿಸಿದ ಶಾಸನವದು. ಅದರಲ್ಲಿ ತೆರಿಗೆಯ ಮಾತಿಲ್ಲ. ಆದರೆ ಅದೇ ಅಶೋಕ ಲುಂಬಿನಿಯ ಕಂಬದಲ್ಲಿ, ಬುದ್ಧ ಹುಟ್ಟಿದ ಆ ಹಳ್ಳಿಗೆ ‘ಬಲಿ’ ಎಂಬ ತೆರಿಗೆಯನ್ನು ಮನ್ನಾ ಮಾಡಿ, ಬೆಳೆಯಲ್ಲಿ ಎಂಟನೇ ಒಂದು ಭಾಗ ಕೊಟ್ಟರೆ ಸಾಕೆಂದು ಬರೆಸಿದ್ದಾನೆ. ರಿಯಾಯಿತಿ ಸಿಕ್ಕಿದ್ದು ಹಳ್ಳಿಗೆ. ಅಲ್ಲಿ ನೆಲೆಸಿದವರ ಕುಲಗೋತ್ರಕ್ಕಲ್ಲ.

ರಾಯಚೂರು ದೋಆಬದ ರೈತನಿಗೆ ಕುಳಿತಲ್ಲೇ ದೇಶ ಬದಲಾದ ಅನುಭವವೂ ಇದೆ. 1853ರ ಒಪ್ಪಂದದಲ್ಲಿ ನಿಜಾಮರು ಬೆರಾರ್ ಮತ್ತು ಧಾರಾಶಿವದ ಜೊತೆಗೆ ಈ ದೋಆಬವನ್ನೂ ಬ್ರಿಟಿಷರ ಆಡಳಿತಕ್ಕೆ ಬಿಟ್ಟುಕೊಟ್ಟರು. ಹೈದರಾಬಾದ್ ಕಂಟಿಂಜೆಂಟ್ ಪಡೆಯ ಖರ್ಚು ಇದಕ್ಕೆ ಕಾರಣ. 1860ರಲ್ಲಿ ದೋಆಬ ನಿಜಾಮರಿಗೆ ಮರಳಿತು. ಹೊಲ ಅದೇ, ಎತ್ತು ಅದೇ; ಏಳು ವರ್ಷಗಳಲ್ಲಿ ಮಹಸೂಲು ಸೇರುವ ಖಜಾನೆ ಎರಡು ಸಲ ಬದಲಾಯಿತು. ಲಿಂಗಸುಗೂರು ಆಗ ಪಡೆಯ ದಂಡು ಇದ್ದ ಊರು. ಮುಂದೆ ಜಿಲ್ಲಾ ಕೇಂದ್ರವಾಗಿದ್ದು, 1905ರಲ್ಲಿ ಆ ಜಿಲ್ಲೆಯೇ ಇಲ್ಲವಾಯಿತು.

ಸಿಂಧನೂರಿಗೆ ಪರದೇಶ ಎಂದರೆ ಆಗ ದೂರವೇನಲ್ಲ. ತುಂಗಭದ್ರೆಯ ಆಚೆ ದಡ. ಆಚೆಗೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ, ಕಂಪನಿ ರೂಪಾಯಿ. ಈಚೆಗೆ ನಿಜಾಮರ ಹಾಲಿ ಸಿಕ್ಕಾ, ಕರೋಡಗಿರಿ ನಾಕಾ. ಬ್ರಿಟಿಷ್ ಇಂಡಿಯಾದ ಆದಾಯ ತೆರಿಗೆ ಕಾಯಿದೆಗೆ 1939ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ವರ್ಷಕ್ಕೆ 182 ದಿನ ಅಲ್ಲಿ ಇದ್ದವನು ಅಲ್ಲಿಯ ‘ನಿವಾಸಿ’. ಅವನು ಯಾರ ಪ್ರಜೆ ಎಂಬ ಪ್ರಶ್ನೆ ಇಲ್ಲ. 1940ರ ದಶಕದ ನಿಯಮದಂತೆ, ಬಳ್ಳಾರಿಯ ವರ್ತಕ ದೇಶೀಯ ಸಂಸ್ಥಾನದಲ್ಲಿ ಗಳಿಸಿದ ಲಾಭ ಅಲ್ಲೇ ಉಳಿದರೆ ಅದಕ್ಕೆ ತೆರಿಗೆ ಇರಲಿಲ್ಲ. ಬ್ರಿಟಿಷ್ ನೆಲಕ್ಕೆ ತಂದರೆ ತೆರಿಗೆ ಬೀಳುತ್ತಿತ್ತು. ಅಂದರೆ ಸಿಂಧನೂರಿನ ಲಾಭ ಹೊಳೆ ದಾಟಿದ ಗಳಿಗೆಯಲ್ಲಿ ಸರಕಾರದ ಕಣ್ಣಿಗೆ ಬೀಳುತ್ತಿತ್ತು.

ನಿಜಾಮರ ರಾಜ್ಯದಲ್ಲಿ ಇನ್ನೊಂದು ಗೆರೆ ಇತ್ತು: ಮುಲ್ಕಿ ಮತ್ತು ಗೈರ್ ಮುಲ್ಕಿ. ಹೊರಗಿನಿಂದ ಬಂದವನು 15 ವರ್ಷ ನೆಲೆಸಿದರೆ ಮುಲ್ಕಿ ಎನಿಸಿಕೊಂಡು ಸರಕಾರಿ ನೌಕರಿ ಕೇಳಬಹುದಿತ್ತು. ಮಹಸೂಲು ಮತ್ತು ಸುಂಕಕ್ಕೆ ಈ 15 ವರ್ಷಗಳ ಕಾಯುವಿಕೆ ಇರಲಿಲ್ಲ. ಅವು ಮೊದಲ ದಿನದಿಂದಲೇ. ಆ ಆಡಳಿತವನ್ನು ನಾವು ಹೊಗಳಬೇಕಾಗಿಲ್ಲ. ಆದರೂ ಒಂದು ಮಾತು ಒಪ್ಪಬೇಕು: ಬಾಳಿದ ವರ್ಷಗಳಿಗೆ ಅಲ್ಲಿ ಲೆಕ್ಕವಿತ್ತು, ಲೆಕ್ಕಕ್ಕೆ ಕೊನೆಯೂ ಇತ್ತು.

ಹೈದರಾಬಾದಿನ ಆದಾಯ ತೆರಿಗೆ ಕಾಯಿದೆ ಫಸಲಿ 1357ರದ್ದು, ಅಂದರೆ 1947-48. ಸೆಪ್ಟೆಂಬರ್ 1948ರಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. 1950ರ ಏಪ್ರಿಲ್ 1ರಿಂದ ಭಾರತದ ಆದಾಯ ತೆರಿಗೆ ಇಲ್ಲಿಗೂ ಬಂತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯ ಸೇರಿತು. ಹೊಳೆಯ ಎರಡೂ ದಡ ಒಂದೇ ಆದವು.

ಪರದೇಶಿ ಎಂಬ ಪ್ರಶ್ನೆ ಮಾತ್ರ ಸಿಂಧನೂರನ್ನು ಬಿಡಲಿಲ್ಲ. 1960ರ ದಶಕದ ಕೊನೆ, 1970ರ ದಶಕದ ಆರಂಭದ ಹೊತ್ತಿಗೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸಿಂಧನೂರು ತಾಲೂಕಿನಲ್ಲಿ ಸರಕಾರ ನೆಲೆ ಕೊಟ್ಟಿತು. ಆರ್.ಎಚ್. ಕ್ಯಾಂಪ್ ಎಂದು ನಂಬರು ಹಾಕಿ ಕರೆಯುವ ಊರುಗಳು ಇವೇ. ಅಲ್ಲಿ ಹುಟ್ಟಿದ ಮಕ್ಕಳು ಕನ್ನಡ ಕಲಿತರು, ಮೊಮ್ಮಕ್ಕಳೂ ಆದರು. ಗ್ರಾಮ ಪಂಚಾಯತಿಯ ಮನೆ ತೆರಿಗೆ ಕಟ್ಟಡವನ್ನು ನೋಡುತ್ತದೆ, ಪೌರತ್ವವನ್ನು ಕೇಳುವುದಿಲ್ಲ. 1961ರ ಆದಾಯ ತೆರಿಗೆ ಕಾಯಿದೆಯೂ 2025ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯಿದೆಯೂ ಅದೇ 182 ದಿನಗಳ ಲೆಕ್ಕವನ್ನು ಉಳಿಸಿಕೊಂಡಿವೆ.

ಹಾಗಾದರೆ ಈ ರಸೀದಿಗಳ ಬೆಲೆ ಏನು? 2020ರಲ್ಲಿ ಗುವಾಹಟಿ ಹೈಕೋರ್ಟು ಅಸ್ಸಾಮಿನ ಮುಸ್ಲಿಂ ಮಹಿಳೆಯೊಬ್ಬರ ಪ್ರಕರಣದಲ್ಲಿ ಭೂಕಂದಾಯದ ರಸೀದಿ, ಪ್ಯಾನ್ ಕಾರ್ಡ್, ಬ್ಯಾಂಕ್ ದಾಖಲೆ ಇವು ಪೌರತ್ವಕ್ಕೆ ಪುರಾವೆಯಲ್ಲ ಎಂದಿತು. 2019ರ ಪೌರತ್ವ ತಿದ್ದುಪಡಿ ಕಾಯಿದೆಯ ನಿಯಮಗಳು 2024ರ ಮಾರ್ಚಿನಲ್ಲಿ ಬಂದವು. 2014ರ ಡಿಸೆಂಬರ್ 31ರೊಳಗೆ ಭಾರತಕ್ಕೆ ಬಂದದ್ದಕ್ಕೆ ಪುರಾವೆಯಾಗಿ ಪ್ಯಾನ್ ಕಾರ್ಡಿನ ದಾಖಲೆ, ಜಮೀನಿನ ಕಾಗದ, ಬಾಡಿಗೆ ಕರಾರು ಮುಂತಾದವನ್ನು ಆ ನಿಯಮಗಳು ಒಪ್ಪುತ್ತವೆ. ಅದೇ ವರ್ಷ ಸಿಂಧನೂರಿನ ಕ್ಯಾಂಪಿನ ಕೆಲವರಿಗೆ ಪೌರತ್ವ ಸಿಕ್ಕಿತು. ಅರ್ಧ ಶತಮಾನ ಕಾದವರಿಗೆ ಅದು ಸಿಕ್ಕಿದ್ದು ನಮಗೆ ಸಂತೋಷವೇ. ಆದರೆ ಕಾಯಿದೆ ಹೆಸರಿಸಿದ ಆರು ಧರ್ಮಗಳಲ್ಲಿ ಇಸ್ಲಾಂ ಇಲ್ಲ. ಕಾಗದ ಒಂದೇ ಆದರೂ, ಅದು ದಾರಿ ತೆರೆಯುವುದು ಹಿಡಿದವನ ಧರ್ಮ ನೋಡಿ.

ಈ ಪಾಡು ನಮ್ಮ ಕೊಲ್ಲಿ ಕುಟುಂಬಗಳಿಗೂ ಹೊಸತಲ್ಲ. ದುಬೈಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಹೊರನಾಡಿನ ಬಾಡಿಗೆದಾರನಿಗೆ ವರ್ಷದ ಬಾಡಿಗೆಯ ಶೇಕಡಾ 5ರಷ್ಟು ವಸತಿ ಶುಲ್ಕ ಕರೆಂಟು-ನೀರಿನ ಬಿಲ್ಲಿನಲ್ಲೇ ಸೇರಿ ಬರುತ್ತದೆ. ಆ ನಾಡಿನ ಪ್ರಜೆಗೆ ಅದಿಲ್ಲ. ಸೌದಿಯಲ್ಲಿ 2017ರ ಜುಲೈಯಿಂದ ಕೆಲಸಗಾರನ ಹೆಂಡತಿ, ಮಕ್ಕಳು ಒಬ್ಬೊಬ್ಬರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. 2020ರ ಹೊತ್ತಿಗೆ 400 ಆಯಿತು. ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದರು. ದಶಕಗಳು ಕಳೆದರೂ ಅವರ ಇಕಾಮಾ ನವೀಕರಣ ತಪ್ಪಲಿಲ್ಲ. ಇತ್ತ ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟರೆ ಆ ಬಾಡಿಗೆ ಭಾರತದ ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ, ಪಂಚಾಯತಿಯ ಮನೆ ತೆರಿಗೆ ಬೇರೆ. ಎರಡೂ ಕಡೆ ಕೊಡುವವನು ಅವನೇ.

ತೆರಿಗೆ ಕೊಟ್ಟ ಮಾತ್ರಕ್ಕೆ ಪೌರನಾಗಬೇಕೆಂದು ನಾವು ವಾದಿಸುತ್ತಿಲ್ಲ. ದಾರಿಹೋಕನೂ ಸುಂಕ ಕೊಡುತ್ತಾನೆ. ನಾವು ಕೇಳುವುದು ಇಷ್ಟೇ: ಒಂದು ಊರಿನಲ್ಲಿ ಮನೆ ಕಟ್ಟಿ, ವರ್ಷ ವರ್ಷ ತೆರಿಗೆ ತುಂಬಿ, ಸತ್ತವರನ್ನು ಅದೇ ಮಣ್ಣಿಗೆ ಒಪ್ಪಿಸಿದವನು ಎಷ್ಟು ವರ್ಷಕ್ಕೆ ಊರವನಾಗುತ್ತಾನೆ? ಆ ಸಂಖ್ಯೆಯನ್ನು ಕಾನೂನು ಹೇಳಲಿ. ಎಲ್ಲರಿಗೂ ಒಂದೇ ಸಂಖ್ಯೆ ಹೇಳಲಿ. ಅಲ್ಲಿಯವರೆಗೆ ನಮ್ಮ ಓದುಗರಿಗೆ ಒಂದು ವಿನಂತಿ: ಮನೆ ತೆರಿಗೆಯ ಹಳೆಯ ಚೀಟಿಗಳನ್ನು ರದ್ದಿಗೆ ಹಾಕಬೇಡಿ.