ಪವರ್ ಟ್ರಾನ್ಸಿಸ್ಟರಿನ ಸಾಕೆಟ್: ಚಿಕ್ಕಬಳ್ಳಾಪುರ ಸೀಮೆಯ ಇಲೆಕ್ಟ್ರಾನಿಕ್ಸ್ ಚರಿತ್ರೆಯ ಒಂದು ಅಂಶ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು 2007ರಲ್ಲಿ ಹೊಸ ಜಿಲ್ಲೆ ರಚನೆಯಾಗುವವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಈ ಸೀಮೆಯ ವಿಜ್ಞಾನ ಚರಿತ್ರೆಯನ್ನು ಹೇಳುವಾಗ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ, ಹೊಸೂರಿನ ಡಾ. ಎಚ್. ನರಸಿಂಹಯ್ಯ, ಗೌರಿಬಿದನೂರಿನ ವೀಕ್ಷಣಾ ಕೇಂದ್ರಗಳು ಮೊದಲಿಗೆ ನೆನಪಿಗೆ ಬರುವುದು ಸಹಜ. ಆದರೆ ಯಾವುದೇ ತಂತ್ರಜ್ಞಾನವು ಜನಜೀವನದಲ್ಲಿ ನೆಲೆಯೂರುವುದು ಬಿಡಿಭಾಗಗಳ ಲಭ್ಯತೆಯಿಂದ. ಅಂಥ ಬಿಡಿಭಾಗಗಳಲ್ಲಿ ಪವರ್ ಟ್ರಾನ್ಸಿಸ್ಟರಿನ ಸಾಕೆಟ್ ಒಂದು.

ವಾಲ್ವ್‌ಗಳ ಕಾಲದಲ್ಲಿ ಸಾಕೆಟ್ ಅನಿವಾರ್ಯವಾಗಿತ್ತು. ವಾಲ್ವಿನ ತಂತು ಸವೆಯುತ್ತಿದ್ದುದರಿಂದ ಅದನ್ನು ಕಿತ್ತು ಬೇರೊಂದನ್ನು ಕೂರಿಸುವುದು ವಾಡಿಕೆ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ರೂಪುಗೊಂಡ ಮೇಲೆ ಈ ಪದ್ಧತಿ ಕ್ರಮೇಣ ಹಿಂದೆ ಸರಿಯಿತು. ಸಣ್ಣ ಟ್ರಾನ್ಸಿಸ್ಟರುಗಳನ್ನು ನೇರವಾಗಿ ಬೆಸುಗೆ ಹಾಕಲಾಯಿತು. ಹೆಚ್ಚು ವಿದ್ಯುತ್ತನ್ನು ನಿಭಾಯಿಸುವ ಪವರ್ ಟ್ರಾನ್ಸಿಸ್ಟರುಗಳಲ್ಲಿ ಮಾತ್ರ ಸಾಕೆಟ್ ಬಹುಕಾಲ ಉಳಿಯಿತು.

ಇದಕ್ಕೆ ಕಾರಣ ಟಿಒ-3 ಎಂಬ ಲೋಹದ ಕವಚದ ರಚನೆಯಲ್ಲಿದೆ. ಅದರ ಅಡಿಯಲ್ಲಿ ಬೇಸ್ ಮತ್ತು ಎಮಿಟರ್‌ಗಳ ಎರಡು ಕಡ್ಡಿಗಳಿರುತ್ತವೆ, ಕವಚವೇ ಕಲೆಕ್ಟರ್. ಬಿಸಿಯನ್ನು ಹೊರಹಾಕಲು ಕವಚವನ್ನು ಅಲ್ಯೂಮಿನಿಯಂ ಫಲಕಕ್ಕೆ ಎರಡು ತಿರುಪುಗಳಿಂದ ಬಿಗಿದು, ನಡುವೆ ವಿದ್ಯುತ್ ಹರಿಯದಂತೆ ಅಭ್ರಕದ ಹಾಳೆಯನ್ನಿಡಲಾಗುತ್ತದೆ. ಫಲಕದ ಕೆಳಬದಿಯ ಸಾಕೆಟ್ ಕಡ್ಡಿಗಳನ್ನು ಹಿಡಿಯುತ್ತದೆ. ಕಲೆಕ್ಟರಿನ ವಿದ್ಯುತ್ತು ತಿರುಪಿನ ಮೂಲಕವೇ ಸಾಕೆಟ್ಟನ್ನು ತಲುಪುತ್ತದೆ. ಕಡ್ಡಿಗಳು ತಿರುಪಿನ ತೂತುಗಳ ನಡುಬಿಂದುವಿನಿಂದ ಒಂದು ತೂತಿನ ಕಡೆಗೆ ತುಸು ಸರಿದಿರುವುದರಿಂದ ಟ್ರಾನ್ಸಿಸ್ಟರನ್ನು ತಿರುವುಮುರುವಾಗಿ ಕೂರಿಸಲಾಗದು.

ಕರ್ನಾಟಕಕ್ಕೆ ಈ ತಂತ್ರಜ್ಞಾನ ಬೇಗನೆ ತಲುಪಿತು. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ವಾಲ್ವ್‌ಗಳನ್ನೂ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ 1967ರಲ್ಲಿ ಸಿಲಿಕಾನ್ ಸಾಧನಗಳನ್ನೂ ತಯಾರಿಸತೊಡಗಿತು. ವಾಲ್ವ್ ಧ್ವನಿವರ್ಧಕಕ್ಕೆ ನೂರಾರು ವೋಲ್ಟ್‌ಗಳು ಬೇಕು. ಪವರ್ ಟ್ರಾನ್ಸಿಸ್ಟರಿನ ಧ್ವನಿವರ್ಧಕವಾದರೋ 12 ವೋಲ್ಟ್ ಬ್ಯಾಟರಿಯಿಂದಲೇ ನಡೆಯಬಲ್ಲುದು. ವಿದ್ಯುತ್ ತಲುಪದ ಊರಿನ ಜಾತ್ರೆ, ಹರಿಕಥೆ, ನಾಟಕ, ಚುನಾವಣಾ ಪ್ರಚಾರಗಳಿಗೆ ಮೈಕ್ ಸೆಟ್ ಹೋಗಲು ಸಾಧ್ಯವಾದುದರಲ್ಲಿ ಈ ವ್ಯತ್ಯಾಸದ ಪಾತ್ರ ದೊಡ್ಡದು. ಅಂಥ ಸೆಟ್ಟಿನಲ್ಲಿ ಟ್ರಾನ್ಸಿಸ್ಟರ್ ಸುಟ್ಟರೆ ಸಾಕೆಟ್ ಇದ್ದಲ್ಲಿ ಎರಡು ತಿರುಪು ಬಿಚ್ಚಿ ಬದಲಿಸಬಹುದು. ಬೆಸುಗೆಯ ಕಾವಲಿ ಬೇಕಿಲ್ಲ.

ಆದರೆ ತಕ್ಕ ಸಾಕೆಟ್ಟನ್ನು ಹುಡುಕುವುದು ಸುಲಭದ ಕೆಲಸವಲ್ಲ. ಟಿಒ-3 ಕವಚದಲ್ಲಿ ತಿರುಪಿನ ತೂತುಗಳ ಅಂತರ ಸುಮಾರು 30 ಮಿಲಿಮೀಟರ್, ಕಡ್ಡಿಗಳ ಅಂತರ ಸುಮಾರು 11 ಮಿಲಿಮೀಟರ್. ನೋಡಲು ಅದರಂತೆಯೇ ಇರುವ ಟಿಒ-66 ಕವಚದಲ್ಲಿ ಇವು ಕ್ರಮವಾಗಿ 24 ಮತ್ತು 5 ಮಿಲಿಮೀಟರಿನಷ್ಟು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಹೊಂದದು. ಅಳತೆ ಹೊಂದಿದರೂ ಎಚ್ಚರಿಕೆ ಅಗತ್ಯ: ಟಿಒ-3 ಕವಚದಲ್ಲೇ ಬರುವ ವೋಲ್ಟೇಜ್ ನಿಯಂತ್ರಕಗಳಲ್ಲಿ ಕವಚವು ಕಲೆಕ್ಟರ್ ಆಗಿರುವುದಿಲ್ಲ. ಸಡಿಲವಾದ ಸಾಕೆಟ್ ಇನ್ನೊಂದು ಅಪಾಯ. ಸಂಪರ್ಕದಲ್ಲಿ 0.02 ಓಮ್ ರೋಧವಿದ್ದು 10 ಆಂಪಿಯರ್ ಹರಿದರೆ ಅಷ್ಟು ಸಣ್ಣ ಜಾಗದಲ್ಲಿ 2 ವಾಟ್ ಶಾಖ ಹುಟ್ಟುತ್ತದೆ. ಅದರಿಂದ ಹಿಡಿತ ಮತ್ತಷ್ಟು ಸಡಿಲಗೊಳ್ಳುತ್ತದೆ.

ಮುಂದೆ ಪ್ಲಾಸ್ಟಿಕ್ ಹೊದಿಕೆಯ, ಮೂರು ಕಾಲುಗಳು ಸಾಲಾಗಿರುವ ಟಿಒ-220ರಂಥ ಅಗ್ಗದ ಮಾದರಿಗಳು ಬಂದವು. ಅವುಗಳಿಗೆ ಒಂದೇ ತಿರುಪು ಸಾಕು, ಬೆಸುಗೆಯೇ ರೂಢಿ. ಹೀಗೆ ಟಿಒ-3ರ ಬಳಕೆ ಕುಗ್ಗಿದಂತೆ ಅದರ ಸಾಕೆಟ್ಟಿನ ಬೇಡಿಕೆಯೂ ಕುಗ್ಗಿತು. ಹಳೆಯ ಯಂತ್ರವನ್ನು ಉಳಿಸಿಕೊಳ್ಳಬೇಕಾದವರಿಗೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂಥ ಬಿಡಿಭಾಗಗಳ ಪೇಟೆ, ಇಲ್ಲವೇ ಗುಜರಿಗೆ ಬಿದ್ದ ಯಂತ್ರಗಳೇ ಆಸರೆ. ಸಾಕೆಟ್ ಸಿಗದಿದ್ದರೆ ಕಡ್ಡಿಗಳಿಗೆ ನೇರವಾಗಿ ತಂತಿ ಬೆಸೆದು, ತಿರುಪಿಗೆ ಕಲೆಕ್ಟರಿನ ಲೋಹದ ಪಟ್ಟಿ ಸಿಕ್ಕಿಸುವುದು ಉಳಿದ ದಾರಿ.

ಗೌರಿಬಿದನೂರಿನ ಎರಡು ಕೇಂದ್ರಗಳೊಂದಿಗೆ ಹೋಲಿಸಿದಾಗ ಈ ವಿಚಾರದ ಮಹತ್ವ ಸ್ಪಷ್ಟವಾಗುತ್ತದೆ. ಭೂಗತ ಅಣುಸ್ಫೋಟಗಳನ್ನು ಗುರುತಿಸುವ ಉದ್ದೇಶದ ಭೂಕಂಪನ ವ್ಯೂಹ 1965ರಲ್ಲಿ ಆರಂಭವಾಯಿತು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1976ರಲ್ಲಿ ಸಾವಿರ ಡೈಪೋಲ್‌ಗಳ, 34.5 ಮೆಗಾಹರ್ಟ್ಜ್ ಆವರ್ತದ ರೇಡಿಯೊ ದೂರದರ್ಶಕವನ್ನು ಸ್ಥಾಪಿಸಿದವು. ಅಲ್ಲಿಯದು ಅತಿ ಕ್ಷೀಣ ಸಂಕೇತಗಳ ಇಲೆಕ್ಟ್ರಾನಿಕ್ಸ್, ಮೈಕ್ ಸೆಟ್ಟಿನದು ಪ್ರಬಲ ವಿದ್ಯುತ್ತಿನ ಇಲೆಕ್ಟ್ರಾನಿಕ್ಸ್. ಆದರೂ ದೀರ್ಘಕಾಲ ನಡೆಯಬೇಕಾದ ಯಾವುದೇ ಉಪಕರಣಕ್ಕೆ ಬಿಡಿಭಾಗ ಬದಲಿಸುವ ಅವಕಾಶ ಬೇಕೆಂಬುದು ಎರಡಕ್ಕೂ ಸಮಾನ. ಸಂಸ್ಥೆಗಳ ಕೆಲಸ ವರದಿಗಳಲ್ಲಿ, ಪ್ರಬಂಧಗಳಲ್ಲಿ ಉಳಿಯುತ್ತದೆ. ರಿಪೇರಿ ಅಂಗಡಿಯ ತಿಳಿವಳಿಕೆ ಕೈಯಿಂದ ಕೈಗೆ ಸಾಗಿ, ಅಂಗಡಿ ಮುಚ್ಚಿದಾಗ ನಿಂತುಹೋಗುತ್ತದೆ. ಜಿಲ್ಲೆಯ ತಂತ್ರಜ್ಞಾನ ಚರಿತ್ರೆಯನ್ನು ಬರೆಯುವವರು ಹಳೆಯ ಧ್ವನಿವರ್ಧಕಗಳನ್ನೂ ಅವುಗಳ ಸಾಕೆಟ್, ಅಭ್ರಕದ ಹಾಳೆ, ತಿರುಪುಗಳನ್ನೂ ದುರಸ್ತಿಗಾರರ ಹೇಳಿಕೆಗಳೊಡನೆ ಸಂಗ್ರಹಿಸಿಡುವುದು ಅವಶ್ಯ.