ಕಾವಲು ಕಾದ ಹಡಗು

ನಾನು ಕುದಾಪುರದ ಹುಡುಗ. ಹೋದ ರಜೆಗೆ ಅಪ್ಪ, ಅಮ್ಮ, ಅಜ್ಜಿ ಜೊತೆ ಕಾರವಾರಕ್ಕೆ ಹೋಗಿದ್ವಿ. ಅಲ್ಲಿನ ಟ್ಯಾಗೋರ್ ಬೀಚ್‌ನಲ್ಲಿ ಐಎನ್‌ಎಸ್ ಚಪಲ್ ನಿಂತಿದೆ, ಈಗದು ಮ್ಯೂಸಿಯಂ.

“1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ್ದು ಇದೇ” ಅಂದ್ರು ಅಪ್ಪ. ನೀವೂ ಮೊಬೈಲ್‌ನಲ್ಲಿ ಹಾಗೇ ಓದಿರ್ತೀರಿ. ಕಾಮರ್ಸ್ ಓದಿದ ನನಗೆ ತಾರೀಖು ತಾಳೆ ಆಗಲಿಲ್ಲ. ಡಿಸೆಂಬರ್ 4ರ ರಾತ್ರಿ ಕರಾಚಿಗೆ ನುಗ್ಗಿದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್, ವೀರ್. ಚಪಲ್ ಅವುಗಳ ತಂಗಿ, ಸೋವಿಯತ್ ದೇಶದಲ್ಲೇ ಕಟ್ಟಿದ್ದು. ನೌಕಾಪಡೆಗೆ ಸೇರಿದ್ದು 1976ರಲ್ಲಿ, ನಿವೃತ್ತಿ 2005ರಲ್ಲಿ. ಅಲ್ಲೀತನಕ ಸಮುದ್ರ ಕಾವಲು ಕಾಯ್ತು.

ಕಾವಲು ಅಂದ್ರೆ ನಮ್ಮಜ್ಜಿಗೆ ಅಮೃತಮಹಲ್ ಕಾವಲು, ಕುರಿ ಮೇಯಿಸಿದ ಜಾಗ. ಈಗಲ್ಲಿ ಬೇಲಿ ಇದೆ, ಒಳಗೆ ರನ್‌ವೇ ಇದೆ. 2023ರ ಜೂನ್ 16ರಂದು ಅಲ್ಲಿಂದ ಎದ್ದ ತಪಸ್ ಡ್ರೋನನ್ನ ಕಾರವಾರದ ಕಡಲಲ್ಲಿದ್ದ ಐಎನ್‌ಎಸ್ ಸುಭದ್ರಾ 40 ನಿಮಿಷ ನಡೆಸಿತು. ನಮ್ಮ ಬಯಲಿಗೂ ಕಡಲಿಗೂ ನಂಟು ಬಿದ್ದಿದ್ದು ಹೀಗೆ.

ಇದನ್ನ ಹೇಳಿದಾಗ ಅಜ್ಜಿ ಚಪಲ್‌ನ ಮೈ ಸವರುತ್ತಾ ಕೇಳಿದ್ಲು: “ಯುದ್ಧದ ಹಡಗನ್ನೇ ಮುಟ್ಟೋಕೆ ಬಿಡ್ತಾರಲ್ಲಪ್ಪ, ನಮ್ಮ ಕಾವಲೊಳಗೆ ಯಾವಾಗ ಬಿಡ್ತಾರೆ?”

ನನ್ನ ಹತ್ರ ಉತ್ತರ ಇರಲಿಲ್ಲ.