ಪೀಟರ್ ಪಿಯರ್ಸ್

ಸರ್ ಪೀಟರ್ ನೆವಿಲ್ ಲುವಾರ್ಡ್ ಪಿಯರ್ಸ್ (ಜೂನ್ 22, 1910 – ಏಪ್ರಿಲ್ 3, 1986) ಇಂಗ್ಲೆಂಡಿನ ಪ್ರಸಿದ್ಧ ಒಪೆರಾ ಗಾಯಕರು. ಪುರುಷ ಕಂಠದ ಎತ್ತರದ ಶ್ರೇಣಿಯಾದ ಟೆನರ್ ಧ್ವನಿಯಲ್ಲಿ ಹಾಡುತ್ತಿದ್ದರು. ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟನ್ ತಮ್ಮ ಒಪೆರಾಗಳ ಹಲವು ಮುಖ್ಯ ಪಾತ್ರಗಳನ್ನು ಇವರ ಕಂಠಕ್ಕೆಂದೇ ರಚಿಸಿದರು.

ಆರಂಭಿಕ ಜೀವನ

ಪಿಯರ್ಸ್ ಸರ್ರೆ ಪ್ರಾಂತ್ಯದ ಫಾರ್ನ್‌ಹ್ಯಾಮ್‌ನಲ್ಲಿ ಜನಿಸಿದರು. ಆಕ್ಸ್‌ಫರ್ಡ್‌ನ ಕೀಬಲ್ ಕಾಲೇಜನ್ನು ಪದವಿ ಪಡೆಯದೆ ತೊರೆದು, ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. ನಂತರ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿತು, ಬಿಬಿಸಿಯ ಗಾಯಕವೃಂದವನ್ನು ಸೇರಿದರು.

ಬ್ರಿಟನ್ ಅವರೊಡನೆ

1937ರಲ್ಲಿ ಬ್ರಿಟನ್ ಅವರ ಪರಿಚಯವಾಯಿತು. 1939ರಲ್ಲಿ ಇಬ್ಬರೂ ಉತ್ತರ ಅಮೆರಿಕಕ್ಕೆ ತೆರಳಿದರು. ಅವರ ಬಾಳಸಂಗಾತ ಬ್ರಿಟನ್ ಅವರ ಮರಣದವರೆಗೂ ಮುಂದುವರಿಯಿತು. ಇಂಗ್ಲೆಂಡಿನಲ್ಲಿ ಪುರುಷರ ನಡುವಿನ ಲೈಂಗಿಕ ಸಂಬಂಧ 1967ರವರೆಗೆ ದಂಡನೀಯ ಅಪರಾಧವಾಗಿದ್ದುದರಿಂದ, ಈ ಸಂಬಂಧವನ್ನು ಅವರು ಬಹಿರಂಗವಾಗಿ ಹೇಳಿಕೊಳ್ಳುವಂತಿರಲಿಲ್ಲ. ಯುದ್ಧವಿರೋಧಿಗಳಾಗಿದ್ದ ಇಬ್ಬರೂ 1942ರಲ್ಲಿ ಸ್ವದೇಶಕ್ಕೆ ಮರಳಿ, ಆತ್ಮಸಾಕ್ಷಿಯ ಕಾರಣ ನೀಡಿ ಸೈನಿಕ ಸೇವೆಯಿಂದ ವಿನಾಯಿತಿ ಪಡೆದರು.

ವೃತ್ತಿಜೀವನ

1945ರ ಜೂನ್ 7ರಂದು ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ 'ಪೀಟರ್ ಗ್ರೈಮ್ಸ್' ಮೊದಲ ಪ್ರದರ್ಶನ ಕಂಡಿತು. ಊರಿನವರ ಸಂಶಯಕ್ಕೆ ಗುರಿಯಾಗುವ ಮೀನುಗಾರನ ಪಾತ್ರದಲ್ಲಿ ಪಿಯರ್ಸ್ ಹಾಡಿದರು. ಈ ಕೃತಿ ಇಬ್ಬರಿಗೂ ಖ್ಯಾತಿ ತಂದಿತು. 1948ರಲ್ಲಿ ಇಬ್ಬರೂ ಲೇಖಕ ಎರಿಕ್ ಕ್ರೋಝಿಯರ್ ಅವರೊಡನೆ ಆಲ್ಡ್‌ಬರೋ ಸಂಗೀತೋತ್ಸವವನ್ನು ಆರಂಭಿಸಿದರು. 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' (1960) ಒಪೆರಾಕ್ಕಾಗಿ ಷೇಕ್ಸ್‌ಪಿಯರ್‌ನ ನಾಟಕವನ್ನು ಇಬ್ಬರೂ ಸೇರಿ ಅಳವಡಿಸಿದರು. 1962ರಲ್ಲಿ ಕವೆಂಟ್ರಿಯ ಹೊಸ ಕ್ಯಾಥೆಡ್ರಲ್‌ನಲ್ಲಿ ನಡೆದ 'ವಾರ್ ರಿಕ್ವಿಯಮ್' ಕೃತಿಯ ಮೊದಲ ಪ್ರದರ್ಶನದಲ್ಲಿ ಪಿಯರ್ಸ್ ಜರ್ಮನಿಯ ಗಾಯಕ ಡೀಟ್ರಿಖ್ ಫಿಷರ್-ಡೀಸ್ಕೌ ಅವರೊಡನೆ ಹಾಡಿದರು. ಇದು ಎರಡು ಶತ್ರುದೇಶಗಳ ಸಾಮರಸ್ಯದ ಸಂಕೇತವಾಗಿತ್ತು.

ಪಿಯರ್ಸ್ ಅವರ ಧ್ವನಿ ಗಾತ್ರದಲ್ಲಿ ದೊಡ್ಡದಾಗಿರಲಿಲ್ಲ. ಅದರ ವಿಶಿಷ್ಟ ನಾದವನ್ನು ಎಲ್ಲರೂ ಮೆಚ್ಚಲಿಲ್ಲ. ಆದರೆ ಪದಗಳ ಸ್ಪಷ್ಟ ಉಚ್ಚಾರಣೆ ಮತ್ತು ಭಾವದ ಸೂಕ್ಷ್ಮತೆ ಅವರ ಬಲವಾಗಿತ್ತು. ಬಾಖ್‌ನ ಪ್ಯಾಶನ್ ಕೃತಿಗಳಲ್ಲಿ ಸುವಾರ್ತಿಕನ ಭಾಗವನ್ನೂ, ಶೂಬರ್ಟ್‌ನ ಗೀತೆಗಳನ್ನೂ ಹಾಡಿ ಅವರು ಹೆಸರು ಗಳಿಸಿದರು.

ಕೊನೆಯ ವರ್ಷಗಳು

ಬ್ರಿಟನ್ ಅವರ ಕೊನೆಯ ಒಪೆರಾ 'ಡೆತ್ ಇನ್ ವೆನಿಸ್' (1973) ಕೃತಿಯ ನಾಯಕ ಆಶೆನ್‌ಬಾಖ್ ಪಾತ್ರವೂ ಪಿಯರ್ಸ್ ಅವರಿಗಾಗಿಯೇ ರಚಿತವಾಯಿತು. ಇದೇ ಪಾತ್ರದ ಮೂಲಕ 1974ರಲ್ಲಿ, ತಮ್ಮ 64ನೆಯ ವಯಸ್ಸಿನಲ್ಲಿ, ಅವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲ ಬಾರಿಗೆ ಹಾಡಿದರು. 1976ರಲ್ಲಿ ಬ್ರಿಟನ್ ನಿಧನರಾದಾಗ ರಾಣಿ ಎರಡನೆಯ ಎಲಿಜಬೆತ್ ಸಂತಾಪ ಸಂದೇಶವನ್ನು ಪಿಯರ್ಸ್ ಅವರಿಗೆ ಕಳುಹಿಸಿದರು. 1978ರಲ್ಲಿ ಅವರಿಗೆ ನೈಟ್ ಪದವಿ ದೊರೆಯಿತು. 1980ರಲ್ಲಿ ಪಾರ್ಶ್ವವಾಯು ತಗುಲಿ ಗಾಯನ ನಿಂತರೂ ಪಾಠ ಹೇಳುವುದನ್ನು ಅವರು ಬಿಡಲಿಲ್ಲ. 1986ರಲ್ಲಿ ಆಲ್ಡ್‌ಬರೋದಲ್ಲಿ ನಿಧನರಾದರು. ಅಲ್ಲಿನ ಚರ್ಚಿನ ಆವರಣದಲ್ಲಿ ಅವರ ಸಮಾಧಿ ಬ್ರಿಟನ್ ಅವರ ಸಮಾಧಿಯ ಪಕ್ಕದಲ್ಲಿದೆ.